ಎಲ್ಲಿಯವರೆಗೆ ನಮ್ಮ ಕೈ, ಎಲ್ಲಿಂದ ಮೆಕ್ಯಾನಿಕ್ ಕೈ

ಕೋಲಾರದ ಚಿನ್ನದ ಗಣಿಗಳಲ್ಲಿ ಪ್ರತಿ ಪಾಳಿಯ ಜನರ ಪ್ರಾಣ ಬ್ರೇಕಿನ ಮೇಲೆ ನಿಂತಿರುತ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿನ ಗಿಫರ್ಡ್ ಶಾಫ್ಟ್ ಒಂದೇ ಓಟದಲ್ಲಿ ಸುಮಾರು ಎರಡು ಕಿಲೋಮೀಟರ್ ಕೆಳಗೆ ಹೋಗುತ್ತಿತ್ತು. ಉಕ್ಕಿನ ಹಗ್ಗದ ತುದಿಯಲ್ಲಿ ಜನ ತುಂಬಿದ ಕೇಜು, ಮೇಲೆ ಆ ಹಗ್ಗವನ್ನು ಸುತ್ತುವ ದೊಡ್ಡ ಡ್ರಮ್ಮು, ಅದರ ಮುಂದೆ ಕಣ್ಣು ಕೀಲಿಸಿ ಕೂತ ಚಾಲಕ. ಶಿವನಸಮುದ್ರದ ಕರೆಂಟು 1902ರಲ್ಲೇ ಇಲ್ಲಿಗೆ ಬಂದಿತ್ತು. ಆದರೆ ಕರೆಂಟು ಬರುವ ಕಡೆಯಲ್ಲಿ ಕರೆಂಟು ಹೋಗುವುದೂ ಉಂಟು. ನಡುದಾರಿಯಲ್ಲಿ ಅದು ಹೋದರೆ ಕೇಜಿನ ಗತಿ ಏನು?

ಗಣಿಯ ವೈಂಡಿಂಗ್ ಯಂತ್ರಗಳನ್ನು ರೂಪಿಸಿದವರು ಈ ಪ್ರಶ್ನೆಯನ್ನೇ ಮೊದಲು ಕೇಳಿಕೊಂಡಿದ್ದರು. ಅಲ್ಲಿ ಬ್ರೇಕನ್ನು ಒತ್ತಿ ಹಿಡಿಯುವುದು ಭಾರವಾದ ತೂಕಗಳು ಅಥವಾ ಬಲವಾದ ಸ್ಪ್ರಿಂಗುಗಳು. ಗಾಳಿಯ ಅಥವಾ ಎಣ್ಣೆಯ ಒತ್ತಡ ಬೇಕಾಗುವುದು ಅವನ್ನು ಎತ್ತಿ ಬ್ರೇಕ್ ಬಿಡಿಸಲು. ಒತ್ತಡ ಹೋಯಿತೋ, ತೂಕ ತಾನಾಗಿ ಇಳಿದು ಡ್ರಮ್ಮು ನಿಲ್ಲುತ್ತದೆ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಲ್ಲುವ ರೈಲುಗಳದ್ದೂ ಇದೇ ತತ್ತ್ವ. ಬೋಗಿಗಳ ನಡುವೆ ತೂಗುವ ರಬ್ಬರ್ ಹೋಸಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ಇರುತ್ತದೆ. ಹೋಸು ಕಿತ್ತುಬಂದರೆ ಗಾಳಿ ಹೊರಗೋಡಿ, ರೈಲು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ವೆಸ್ಟಿಂಗ್‌ಹೌಸ್ ಎಂಬ ಎಂಜಿನಿಯರ್ 1872ರಲ್ಲಿ ರೂಪಿಸಿದ ಈ ಉಪಾಯವನ್ನು ಜಗತ್ತಿನ ರೈಲುಗಳು ಇವತ್ತಿಗೂ ನಂಬಿಕೊಂಡಿವೆ.

ನಮ್ಮ ಮನೆ ಮುಂದೆ ನಿಂತ ಕಾರಿನ ಬ್ರೇಕ್ ಹಾಗಲ್ಲ. ಅಲ್ಲಿ ಒತ್ತಡ ಹುಟ್ಟುವುದು ನಮ್ಮ ಪಾದದಲ್ಲಿ. ಅದನ್ನು ಚಕ್ರಕ್ಕೆ ಮುಟ್ಟಿಸುವುದು ಒಂದಿಷ್ಟು ಎಣ್ಣೆ. ಎಣ್ಣೆ ಸೋರಿದರೆ ಅಥವಾ ಎಣ್ಣೆಯೊಳಗೆ ಗಾಳಿ ಸೇರಿದರೆ ಕಾರು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಇದಕ್ಕೆ ಪರಿಹಾರವಾಗಿ ಕಾರುಗಳಲ್ಲಿ ಎಣ್ಣೆಯ ದಾರಿಯನ್ನು ಎರಡು ಪಾಲು ಮಾಡಿರುತ್ತಾರೆ. ಒಂದು ಕೈಕೊಟ್ಟರೂ ಇನ್ನೊಂದು ಎರಡು ಚಕ್ರಗಳನ್ನಾದರೂ ಹಿಡಿಯುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಅರ್ಧ ಬ್ರೇಕಿನಲ್ಲಿ ಕಾರು ನಿಲ್ಲಿಸಬೇಕಾದ ಗಳಿಗೆ ಯಾರಿಗೂ ಬರಬಾರದು.

ಬ್ರೇಕ್ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ, ಗ್ಯಾರೇಜಿಗೆ ಕೊಡಬೇಕೇ ಎಂಬ ಪ್ರಶ್ನೆಗೆ ನಾನು ಉತ್ತರ ಹುಡುಕುವುದು ಈ ವ್ಯತ್ಯಾಸದಲ್ಲೇ. ಹಣ, ಧೈರ್ಯ, ಕೈಚಳಕ ಇವು ಆಮೇಲಿನ ಮಾತು. ಎಣ್ಣೆಯ ದಾರಿಯನ್ನು ಬಿಚ್ಚದೆ ಮುಗಿಯುವ ಕೆಲಸವನ್ನು ಓದಿ, ನೋಡಿ ಕಲಿತ ಯಾರು ಬೇಕಾದರೂ ಮನೆಯಂಗಳದಲ್ಲಿ ಮಾಡಬಹುದು. ಎಣ್ಣೆಯ ದಾರಿಯನ್ನು ಒಂದು ಕಡೆ ಬಿಚ್ಚಿದರೂ ಅದು ಅನುಭವಿ ಮೆಕ್ಯಾನಿಕ್ ಕೈಯಲ್ಲೇ ಆಗಬೇಕು. ಏಕೆ ಎಂಬುದಕ್ಕೆ ಒಂದಿಷ್ಟು ಭೌತಶಾಸ್ತ್ರ ಬೇಕು.

ಬ್ರೇಕ್ ಮಾಡುವ ಕೆಲಸವೆಂದರೆ ಚಲನೆಯನ್ನು ಶಾಖವಾಗಿ ಬದಲಿಸುವುದು. ವೇಗ ಎರಡು ಪಟ್ಟಾದರೆ ಕಾರಿನ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಬಂಗಾರಪೇಟೆಯ ಸಂತೆ ಬೀದಿಯಲ್ಲಿ 30 ಕಿಲೋಮೀಟರ್ ವೇಗದಲ್ಲಿ ಹೋಗುವ ಒಂದು ಟನ್ ತೂಕದ ಕಾರಿನಲ್ಲಿ ಸುಮಾರು 35 ಕಿಲೋಜೂಲ್ ಶಕ್ತಿ ಇರುತ್ತದೆ. ಅದೇ ಕಾರು ಬೇತಮಂಗಲದ ಹತ್ತಿರ ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹತ್ತಿ, ಆ ರಸ್ತೆಯ ವಿನ್ಯಾಸದ ವೇಗವಾದ 120ನ್ನು ಮುಟ್ಟಿತೆನ್ನಿ. ವೇಗ ನಾಲ್ಕು ಪಟ್ಟು, ಶಕ್ತಿ ಹದಿನಾರು ಪಟ್ಟು. ಪೇಟೆಯೊಳಗೆ ಚೆನ್ನಾಗಿಯೇ ಹಿಡಿಯುತ್ತಿದೆ ಅನ್ನಿಸಿದ ಸವೆದ ಬ್ರೇಕ್ ಹೆದ್ದಾರಿಯಲ್ಲಿ ಮೋಸ ಮಾಡುವುದು ಈ ಲೆಕ್ಕದಿಂದಲೇ.

ನೂರರ ವೇಗದ ಲೆಕ್ಕ ಹಿಡಿದು ನೋಡೋಣ. ಒಂದು ಟನ್ ಕಾರಿನಲ್ಲಿ ಆಗ 386 ಕಿಲೋಜೂಲ್ ಶಕ್ತಿ ಇರುತ್ತದೆ. ಒಂದೂಕಾಲು ಲೀಟರಿನಷ್ಟು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ಒಲೆಯ ಮೇಲೆ ಆ ಕೆಲಸಕ್ಕೆ ಹಲವು ನಿಮಿಷ ಹಿಡಿಯುತ್ತದೆ. ಒಳ್ಳೆಯ ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಕಾರು ಸುಮಾರು 55 ಮೀಟರ್ ಓಡಿ ನಾಲ್ಕೇ ಸೆಕೆಂಡಿನಲ್ಲಿ ನಿಲ್ಲುತ್ತದೆ. ಅಷ್ಟೂ ಶಾಖ ಆ ನಾಲ್ಕು ಸೆಕೆಂಡಿನಲ್ಲಿ ಹುಟ್ಟುತ್ತದೆ. ಸರಾಸರಿ 97 ಕಿಲೋವ್ಯಾಟ್. ಅಂಥ ಸಣ್ಣ ಕಾರಿನ ಎಂಜಿನ್ನಿನ ಪೂರ್ತಿ ಶಕ್ತಿ 65 ಕಿಲೋವ್ಯಾಟಿನ ಆಸುಪಾಸು. ಕಾರಿನಲ್ಲಿ ಎಲ್ಲಕ್ಕಿಂತ ಶಕ್ತಿಶಾಲಿ ಯಂತ್ರ ಬಾನೆಟ್ಟಿನ ಕೆಳಗಿಲ್ಲ, ಚಕ್ರಗಳ ಒಳಗಿದೆ.

ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಈ ಶಾಖದ ಮುಕ್ಕಾಲು ಪಾಲಿನಷ್ಟನ್ನು ಮುಂದಿನ ಎರಡು ಬೀಡುಕಬ್ಬಿಣದ ಡಿಸ್ಕುಗಳೇ ನುಂಗಬೇಕು. ಒಂದೊಂದು ಐದು ಕಿಲೋ ಇದ್ದರೆ ಒಮ್ಮೆ ನಿಲ್ಲಿಸಿದ್ದಕ್ಕೇ ಅವುಗಳ ಬಿಸಿ ಐವತ್ತು ಡಿಗ್ರಿಗೂ ಹೆಚ್ಚು ಏರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಮುಂದಿನ ಸಲ ಬ್ರೇಕ್ ಹಾಕುವಷ್ಟರಲ್ಲಿ ಗಾಳಿಗೆ ಅದು ಆರಿರುತ್ತದೆ. ಘಾಟಿಯಲ್ಲಿ ಆರಲು ಬಿಡುವಿಲ್ಲ. ಈ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಿಂದ ವಿ.ಕೋಟ, ಪಲಮನೇರು ದಾಟಿ ಚಿತ್ತೂರಿನ ಕಡೆಗೆ, ಅಲ್ಲಿಂದ ತಿರುಪತಿಗೆ ಹೋಗುವವರು ಮೊಗಿಲಿ ಘಾಟಿ ಇಳಿಯುತ್ತಾರೆ. ಪಲಮನೇರಿನಿಂದ ಚಿತ್ತೂರಿಗೆ ನೆಲ ಮುನ್ನೂರು ಮೀಟರಿಗೂ ಹೆಚ್ಚು ತಗ್ಗುತ್ತದೆ. ಒಂದು ಟನ್ ಕಾರು ಮುನ್ನೂರು ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2,900 ಕಿಲೋಜೂಲ್, ಅಂದರೆ ನೂರರ ವೇಗದಿಂದ ಏಳೂವರೆ ಸಲ ನಿಲ್ಲಿಸಿದಷ್ಟು. ಸಂಸಾರ ಸಮೇತ, ಸಾಮಾನು ಸಮೇತ ಹೊರಟರೆ ಇನ್ನೂ ಹೆಚ್ಚು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅಷ್ಟೂ ಶಾಖ ಡಿಸ್ಕಿಗೆ ಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನು ಹೀರಿಕೊಳ್ಳುತ್ತದೆ. ಲಾರಿ ಚಾಲಕರು ಇದನ್ನು ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದಾರೆ.

ಇನ್ನು ಪಾದದಿಂದ ಚಕ್ರದವರೆಗಿನ ಎಣ್ಣೆಯ ದಾರಿ. ಮುಚ್ಚಿದ ದ್ರವದಲ್ಲಿ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ಕಂಡುಕೊಂಡ. ನಾವು ಪೆಡಲನ್ನು 20 ಕಿಲೋ ಬಲದಿಂದ ತುಳಿದೆವೆನ್ನಿ. ಪೆಡಲಿನ ಸನ್ನೆಕೋಲು ಅದನ್ನು ನಾಲ್ಕು ಪಟ್ಟು ಮಾಡುತ್ತದೆ. ಎಂಜಿನ್ನಿನ ನಿರ್ವಾತದಿಂದ ನಡೆಯುವ ಬೂಸ್ಟರ್ ಅದನ್ನು ಮತ್ತೆ ಮೂರೂವರೆ ಪಟ್ಟು ಮಾಡಿತೆಂದು ಹಿಡಿಯೋಣ. ಈ 280 ಕಿಲೋ ಬಲ 20 ಮಿಲಿಮೀಟರ್ ಅಡ್ಡಳತೆಯ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ ಬಿದ್ದಾಗ ಎಣ್ಣೆಯಲ್ಲಿ ವಾತಾವರಣದ ಸುಮಾರು ತೊಂಬತ್ತು ಪಟ್ಟು ಒತ್ತಡ ಹುಟ್ಟುತ್ತದೆ. ಮುಂದಿನ ಚಕ್ರದಲ್ಲಿ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನಲ್ಲಿ 50 ಮಿಲಿಮೀಟರಿನ ಪಿಸ್ಟನ್ ಇದ್ದರೆ ಪ್ಯಾಡು ಡಿಸ್ಕನ್ನು ಒತ್ತುವ ಬಲ ಒಂದೂಮುಕ್ಕಾಲು ಟನ್. ಇಪ್ಪತ್ತು ಕಿಲೋ ಪಾದದ ಬಲದಿಂದ ಒಂದೂಮುಕ್ಕಾಲು ಟನ್ ಹಿಡಿತ!

ಇಷ್ಟೆಲ್ಲ ಸಾಧ್ಯವಾಗುವುದು ಎಣ್ಣೆಯನ್ನು ಹಿಂಡಿ ಕುಗ್ಗಿಸಲು ಹೆಚ್ಚುಕಡಿಮೆ ಆಗುವುದೇ ಇಲ್ಲ ಎಂಬ ಒಂದೇ ಕಾರಣಕ್ಕೆ. ಗಾಳಿ ಕುಗ್ಗುತ್ತದೆ. ಎಣ್ಣೆಯ ದಾರಿಯಲ್ಲಿ ಮೂರೇ ಮಿಲಿಲೀಟರ್ ಗಾಳಿ ಸೇರಿತೆನ್ನಿ, ಅರ್ಧ ಚಮಚಕ್ಕಿಂತ ಸ್ವಲ್ಪ ಹೆಚ್ಚು. ತೊಂಬತ್ತು ವಾತಾವರಣದ ಒತ್ತಡದಲ್ಲಿ ಆ ಗುಳ್ಳೆ ಹೇಳಹೆಸರಿಲ್ಲದಷ್ಟು ಚಿಕ್ಕದಾಗುತ್ತದೆ. ಅದು ಬಿಟ್ಟುಕೊಟ್ಟ ಜಾಗ ತುಂಬಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಒಂದು ಸೆಂಟಿಮೀಟರಿನಷ್ಟು ಹೆಚ್ಚು ಓಡಬೇಕು. ಸನ್ನೆಕೋಲಿನ ನಾಲ್ಕು ಪಟ್ಟಿನಿಂದ ಗುಣಿಸಿದರೆ ಪಾದ ನಾಲ್ಕು ಸೆಂಟಿಮೀಟರ್ ಸುಮ್ಮನೆ ಒಳಗೆ ಹೋಗುತ್ತದೆ. ಗಾಳಿ ಇನ್ನಷ್ಟು ಇದ್ದರೆ ಪೆಡಲ್ ನೆಲ ಮುಟ್ಟಿದರೂ ಚಕ್ರಕ್ಕೆ ಒತ್ತಡ ಹೋಗುವುದಿಲ್ಲ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಯಾವ ಗ್ಯಾರೇಜಿನಲ್ಲೂ ಪೆಡಲನ್ನು ಒಮ್ಮೆ ತುಳಿದು ನೋಡಿದ ಹುಡುಗ "ಏರ್ ಹಿಡಿದಿದೆ ಅಣ್ಣಾ" ಅನ್ನುವುದು ಇದನ್ನೇ. ಅವನ ಪಾದ ಓದುವುದು ಗುಳ್ಳೆಯ ಗಾತ್ರವನ್ನು.

ಆ ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬ ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ ಗುಳ್ಳೆ ಬೆರೆತ ಎಣ್ಣೆಯನ್ನು ಪಾರದರ್ಶಕ ಪೈಪಿನಲ್ಲಿ ಬಾಟಲಿಗೆ ಬಿಡಬೇಕು. ಮೊದಲಿನವನು ಪಾದ ಎತ್ತುವ ಮುಂಚೆಯೇ ನಿಪ್ಪಲ್ ಬಿಗಿದಿರಬೇಕು. ಒಂದು ಕ್ಷಣ ಹಿಂದುಮುಂದಾದರೆ ಹೋದ ಗಾಳಿಯೇ ಒಳಗೆ ಬರುತ್ತದೆ. ಮೇಲಿನ ಡಬ್ಬಿಯಲ್ಲಿ ಎಣ್ಣೆ ಖಾಲಿಯಾಗಲು ಬಿಟ್ಟರೆ ಎಲ್ಲ ಮೊದಲಿನಿಂದ. ತುಕ್ಕು ಹಿಡಿದ ನಿಪ್ಪಲ್ ಮುರಿದರೆ ಕಾರು ಇದ್ದಲ್ಲಿಂದ ಕದಲುವಂತಿಲ್ಲ. 2019ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದರ ಸಣ್ಣ ಸಣ್ಣ ಕವಾಟಗಳೊಳಗೆ ಗಾಳಿ ಸೇರಿದರೆ ಕೆಲವು ಕಾರುಗಳಲ್ಲಿ ಕಂಪ್ಯೂಟರ್ ಜೋಡಿಸದೆ ಹೊರತೆಗೆಯಲು ಆಗದು. ಮನೆಯಲ್ಲಿ ಮಾಡಬಾರದ ಕೆಲಸ ಇದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಕಷ್ಟವೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣದು, ಪಾದಕ್ಕೇ ತಿಳಿಯಬೇಕು. ಹೊಸಬರ ಪಾದಕ್ಕೆ ಹೋಲಿಸಿ ನೋಡಲು ಇನ್ನೊಂದು ಕಾರಿನ ನೆನಪಿರುವುದಿಲ್ಲ.

ಬ್ರೇಕ್ ಎಣ್ಣೆಯ ರಸಾಯನಶಾಸ್ತ್ರಕ್ಕೂ ಕೆಜಿಎಫ್‌ನ ಜನಜೀವನಕ್ಕೂ ಒಂದು ನಂಟಿದೆ. ಎಣ್ಣೆ ಎಂದು ನಾವು ಕರೆದರೂ ಅದು ಗ್ಲೈಕಾಲ್ ವರ್ಗದ ದ್ರವ. ನೀರನ್ನು ಹೀರುವುದು ಅದರ ಗುಣ. ಡಬ್ಬಿಯ ಮುಚ್ಚಳದ ಸಂದಿನಿಂದ, ರಬ್ಬರ್ ಹೋಸಿನ ಮೂಲಕ ಗಾಳಿಯ ತೇವ ವರ್ಷಾನುಗಟ್ಟಲೆ ಒಳಗೆ ಇಳಿಯುತ್ತಿರುತ್ತದೆ. ಮಾನಕದ ಪ್ರಕಾರ ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ಡಾಟ್ 4 ಆದರೆ 230. ನೂರಕ್ಕೆ 3.7ರಷ್ಟು ನೀರು ಬೆರೆತ ಮೇಲೆ ಆ ಮಿತಿಗಳು 140 ಮತ್ತು 155ಕ್ಕೆ ಇಳಿಯುತ್ತವೆ. ಘಾಟಿಯಲ್ಲಿ ಕಾದ ಕ್ಯಾಲಿಪರ್ ಆ ಬಿಸಿಯನ್ನು ಮುಟ್ಟಿದರೆ ಎಣ್ಣೆಯೊಳಗಿನ ನೀರು ಆವಿಯಾಗುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಅರ್ಧ ಘಾಟಿ ಚೆನ್ನಾಗಿ ಹಿಡಿದ ಬ್ರೇಕ್ ಇದ್ದಕ್ಕಿದ್ದಂತೆ ಪೊಳ್ಳಾಗುವುದು ಹೀಗೆ. ಕೆಳಗೆ ನಿಂತು ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗುವುದರಿಂದ ಕಾರಣವೇ ತಿಳಿಯದೆ ಹೋಗುವುದೂ ಉಂಟು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಕೆಜಿಎಫ್‌ನ ದೊಡ್ಡ ಪಾಲು ದುಡಿಯುವ ಜನ ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ, ಬಂಗಾರಪೇಟೆ ಹಾದು, ಬೆಂಗಳೂರಿಗೆ ಹೋಗಿ ಬರುತ್ತಿದ್ದಾರೆ. ಅಂಥ ಮನೆಗಳಲ್ಲಿ ಕಾರು ಇದ್ದರೆ ಅದು ವಾರವಿಡೀ ನಿಂತಿರುತ್ತದೆ, ಭಾನುವಾರವೋ ಮದುವೆ ಮುಂಜಿಗೋ ಹೊರಬರುತ್ತದೆ. "ಓಡಿರೋದೇ ಕಮ್ಮಿ, ಬ್ರೇಕಿಗೇನಾಗುತ್ತೆ" ಎಂಬ ಮಾತು ಪ್ಯಾಡಿನ ಮಟ್ಟಿಗೆ ನಿಜ. ಎಣ್ಣೆಯ ಮಟ್ಟಿಗೆ ನಿಜವಲ್ಲ. ತೇವ ಹೀರುವ ದ್ರವಕ್ಕೆ ಕಾರು ಓಡಿತೋ ನಿಂತಿತೋ ಒಂದೇ. ಬಹುತೇಕ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲು ಹೇಳುವುದು ಇದಕ್ಕೇ. ನಿಂತ ಕಾರಿನ ಡಿಸ್ಕು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟರೆ ಹಿಂದಿನ ಡ್ರಮ್ಮಿಗೆ ಶೂ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಬಹುದಿನ ನಿಲ್ಲಿಸುವಾಗ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡುವುದು ಒಳ್ಳೆಯದು.

ಈಗ ನಮ್ಮ ಕೈಯ ಕೆಲಸಕ್ಕೆ ಬರೋಣ: ಮುಂದಿನ ಚಕ್ರದ ಪ್ಯಾಡ್ ಬದಲಿಸುವುದು. ಹೊಸ ಪ್ಯಾಡಿನ ಉಜ್ಜುವ ಪದರ ಹತ್ತು ಮಿಲಿಮೀಟರಿನ ಆಸುಪಾಸು ದಪ್ಪವಿರುತ್ತದೆ. ಮೂರಕ್ಕೆ ಬಂದರೆ ಬದಲಿಸುವ ಕಾಲ. ಎಷ್ಟೋ ಪ್ಯಾಡುಗಳಲ್ಲಿ ಒಂದು ತಗಡಿನ ನಾಲಿಗೆ ಇದ್ದು, ಸವೆತ ಮಿತಿ ಮೀರಿದಾಗ ಡಿಸ್ಕಿಗೆ ತಾಗಿ ಕೀಚಲು ಸದ್ದು ಮಾಡುತ್ತದೆ. ಆ ಸದ್ದನ್ನು ಕೇಳಿಯೂ ಓಡಿಸುತ್ತ ಹೋದರೆ ಹಿಂಬದಿಯ ಉಕ್ಕಿನ ತಟ್ಟೆಯೇ ಡಿಸ್ಕನ್ನು ಕೆರೆಯುತ್ತದೆ, ಪ್ಯಾಡಿನ ಖರ್ಚಿಗೆ ಡಿಸ್ಕಿನ ಖರ್ಚೂ ಸೇರುತ್ತದೆ.

ಕಾರಿನೊಂದಿಗೆ ಬರುವ ಜಾಕಿ ಸ್ಟೆಪ್ನಿ ಹಾಕಿಕೊಳ್ಳುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಹಾಕಬಾರದು. ಗಟ್ಟಿ ಸಿಮೆಂಟ್ ನೆಲ ಬೇಕು, ಕಬ್ಬಿಣದ ಸ್ಟ್ಯಾಂಡ್ ಬೇಕು, ಬಿಚ್ಚಿದ ಚಕ್ರವನ್ನೂ ಬಾಡಿಯ ಕೆಳಗೆ ಮಲಗಿಸಿಡಬೇಕು. ಸಿಮೆಂಟ್ ಇಟ್ಟಿಗೆ, ಸೈಜುಗಲ್ಲುಗಳನ್ನು ಆಸರೆಗೆ ಕೊಡುವುದನ್ನು ನೋಡಿದ್ದೇನೆ. ಕಲ್ಲು ಸೀಳುವ ಮುಂಚೆ ಸೂಚನೆ ಕೊಡುವುದಿಲ್ಲ. ಆಳದ ಕಲ್ಲು ಇದ್ದಕ್ಕಿದ್ದಂತೆ ಸಿಡಿದು ಜೀವ ತೆಗೆದ ಚರಿತ್ರೆ ಇರುವ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಕ್ರ ಬಿಚ್ಚಿದರೆ ಕ್ಯಾಲಿಪರ್ ಕಾಣುತ್ತದೆ. ಕೆಳಗಿನ ಒಂದು ಬೋಲ್ಟ್ ತೆಗೆದು ಮೇಲಕ್ಕೆ ಮಡಚಿದರೆ ಸಾಕು, ಹಳೆಯ ಪ್ಯಾಡು ಕೈಗೆ ಬರುತ್ತದೆ. ಕ್ಯಾಲಿಪರನ್ನು ಪೂರ್ತಿ ಬಿಚ್ಚಬೇಕಾದರೆ ತಂತಿಯಿಂದ ಸಸ್ಪೆನ್ಷನ್ನಿಗೆ ಕಟ್ಟಿ ನಿಲ್ಲಿಸಬೇಕು. ರಬ್ಬರ್ ಹೋಸಿಗೆ ಜೋತುಬಿಟ್ಟರೆ ಒಳಪದರ ಹರಿಯುತ್ತದೆ, ಹೊರಗಿನಿಂದ ಅದು ಕಾಣುವುದೂ ಇಲ್ಲ. ಒಳಗೆ ಪಿಸ್ಟನ್ ಸುತ್ತ ಚೌಕ ಅಡ್ಡಕೊಯ್ತದ ಒಂದು ರಬ್ಬರ್ ಉಂಗುರ ಇರುತ್ತದೆ. ಈ ಇಡೀ ಯಂತ್ರದಲ್ಲಿ ನನಗೆ ತುಂಬ ಮೆಚ್ಚಿಗೆಯಾದ ಭಾಗ ಅದು. ಬ್ರೇಕ್ ಹಾಕಿದಾಗ ಪಿಸ್ಟನ್ ಮುಂದೆ ಸರಿದು ಉಂಗುರವನ್ನು ತುಸು ತಿರುಚುತ್ತದೆ. ಒತ್ತಡ ಹೋದೊಡನೆ ಉಂಗುರ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪ್ಯಾಡು ಡಿಸ್ಕಿನಿಂದ ಬಿಡಿಸಿಕೊಳ್ಳುವುದು ಅಷ್ಟರಿಂದಲೇ. ಪ್ಯಾಡು ಸವೆದಂತೆ ಪಿಸ್ಟನ್ ಉಂಗುರದೊಳಗೆ ಜಾರಿ ಮುಂದೆ ಬಂದು ನಿಲ್ಲುತ್ತದೆ. ಸೀಲು, ಸ್ಪ್ರಿಂಗು, ಹೊಂದಾಣಿಕೆಯ ತಿರುಪು ಮೂರೂ ಒಂದೇ ಉಂಗುರ.

ಹಾಗೆ ಮುಂದೆ ಬಂದ ಪಿಸ್ಟನ್ ಹಿಂದೆ ತುಂಬಿಕೊಳ್ಳುವುದು ಎಣ್ಣೆ. ಒಂದು ಚಕ್ರದ ಎರಡು ಪ್ಯಾಡುಗಳು ಎಂಟೆಂಟು ಮಿಲಿಮೀಟರ್ ಸವೆದಿದ್ದರೆ ಅಲ್ಲಿ 31 ಮಿಲಿಲೀಟರ್; ಎರಡೂ ಚಕ್ರ ಸೇರಿ ಅರವತ್ತಕ್ಕೂ ಹೆಚ್ಚು. ಅಷ್ಟು ಎಣ್ಣೆ ಬಾನೆಟ್ಟಿನ ಕೆಳಗಿನ ಡಬ್ಬಿಯಿಂದ ಇಳಿದಿರುತ್ತದೆ. ಡಬ್ಬಿಯ ಮಟ್ಟ ನಿಧಾನವಾಗಿ ತಗ್ಗಿದರೆ ಸೋರಿಕೆಯೇ ಇರಬೇಕೆಂದಿಲ್ಲ, ಪ್ಯಾಡು ಸವೆದಿದೆ ಎಂಬ ಸುದ್ದಿಯೂ ಇರಬಹುದು. ಇದು ಗೊತ್ತಿಲ್ಲದೆ ಯಾರೋ ಡಬ್ಬಿಯನ್ನು ತುಂಬಿಸಿಟ್ಟಿದ್ದರೆ, ಹೊಸ ದಪ್ಪ ಪ್ಯಾಡಿಗೆ ಜಾಗ ಮಾಡಲು ಸಿ-ಕ್ಲಾಂಪಿನಿಂದ ಪಿಸ್ಟನ್ ಒಳಗೆ ಒತ್ತಿದಾಗ ಎಣ್ಣೆ ಉಕ್ಕಿ ಹೊರಚೆಲ್ಲುತ್ತದೆ. ಗ್ಲೈಕಾಲ್ ಕಾರಿನ ಬಣ್ಣವನ್ನು ತಿನ್ನುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು. ಮುಚ್ಚಳ ತೆಗೆದು, ಮಟ್ಟ ನೋಡುತ್ತ, ನಿಧಾನವಾಗಿ ಒತ್ತಿದರೆ ಎಣ್ಣೆಯ ದಾರಿಯನ್ನು ಎಲ್ಲೂ ಬಿಚ್ಚದೆ ಕೆಲಸ ಮುಗಿಯುತ್ತದೆ. ಕ್ಯಾಲಿಪರ್ ಬಿಚ್ಚಿರುವಾಗ ಯಾರೂ ಪೆಡಲ್ ಮುಟ್ಟದಂತೆ ನೋಡಿಕೊಳ್ಳಿ. ಪಿಸ್ಟನ್ ಹೊರಗೆ ಬಿದ್ದರೆ ಮನೆಗೆಲಸ ಅಲ್ಲಿಗೆ ಮುಗಿಯಿತು.

ಕ್ಯಾಲಿಪರ್ ಜಾರುವ ಎರಡು ಪಿನ್ನುಗಳಿಗೆ ಗ್ರೀಸ್ ಹಚ್ಚಬೇಕು. ಇಲ್ಲಿ ಎಷ್ಟೋ ಗ್ಯಾರೇಜುಗಳೂ ತಪ್ಪುತ್ತವೆ, ಬೇರಿಂಗಿಗೆ ಹಾಕುವ ಗ್ರೀಸನ್ನೇ ಬಳಿಯುತ್ತವೆ. ಬ್ರೇಕಿನ ರಬ್ಬರು ಸಾಮಾನ್ಯವಾಗಿ ಇಪಿಡಿಎಂ ಜಾತಿಯದು. ಗ್ಲೈಕಾಲ್ ಅದಕ್ಕೆ ಏನೂ ಮಾಡುವುದಿಲ್ಲ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಪಿನ್ನು ಬಿಗಿದುಕೊಳ್ಳುತ್ತದೆ, ಒಂದು ಕಡೆಯ ಪ್ಯಾಡು ಮಾತ್ರ ಸವೆಯುತ್ತದೆ. ಸಿಲಿಕೋನ್ ಗ್ರೀಸನ್ನು ಕೇಳಿ ತರಬೇಕು. ಪಿನ್ನಿನ ರಬ್ಬರ್ ಟೋಪಿ ಹರಿದಿದ್ದರೆ ಬದಲಿಸಲೇಬೇಕು, ಕೆಜಿಎಫ್‌ನಲ್ಲಂತೂ ತಪ್ಪದೆ. ಇಲ್ಲಿನ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ಹಿಟ್ಟು ಮಾಡಿ ಚಿನ್ನ ತೆಗೆದುಕೊಂಡ ಮೇಲೆ ಉಳಿದದ್ದೇ ಊರ ಸುತ್ತಲಿನ ಸೈನೈಡ್ ಗುಡ್ಡಗಳು. ಬೇಸಿಗೆಯ ಗಾಳಿಗೆ ಅಲ್ಲಿಂದ ಏಳುವ ದೂಳಿನಲ್ಲಿ ಬೆಣಚಿನ ಪುಡಿ ಇರುತ್ತದೆ. ಬೆಣಚು ಬೀಡುಕಬ್ಬಿಣಕ್ಕಿಂತ ಗಡುಸು.

ದೂಳಿನ ಇನ್ನೊಂದು ಮಾತು ಇದಕ್ಕಿಂತ ಗಂಭೀರ. ಭಾರತದಲ್ಲಿ ಸಿಲಿಕೋಸಿಸ್ ಕಾಯಿಲೆಯನ್ನು ವೈದ್ಯರು ಮೊದಲು ದಾಖಲಿಸಿದ್ದು ಇದೇ ಗಣಿಗಳಲ್ಲಿ. ಬಂಡೆ ಕೊರೆದು ಬಂದ ದೂಳು ಎದೆಯೊಳಗೆ ಏನು ಮಾಡುತ್ತದೆಂದು ಇಲ್ಲಿನ ಗಣಿ ಕಾರ್ಮಿಕರ ಲೈನುಮನೆಗಳು ಕಣ್ಣಾರೆ ಕಂಡಿವೆ. ಬ್ರೇಕಿನ ಕಪ್ಪು ದೂಳಿನ ವಿಷಯದಲ್ಲೂ ಅದೇ ಎಚ್ಚರ ಬೇಕು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ನಾರು ಸಾಮಾನ್ಯವಾಗಿತ್ತು. ಭಾರತದಲ್ಲಿ ಆಸ್ಬೆಸ್ಟಾಸಿಗೆ ಪೂರ್ತಿ ನಿಷೇಧ ಇಲ್ಲದಿರುವುದರಿಂದ ಹೆಸರು ದೆಸೆಯಿಲ್ಲದ ಅಗ್ಗದ ಮಾಲಿನಲ್ಲಿ ಅದು ಇಲ್ಲವೆಂದು ಹೇಳುವಂತಿಲ್ಲ. ಬಾಯಲ್ಲಿ ಊದಬೇಡಿ, ಏರ್ ಗನ್ ಹಿಡಿಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ದಿನವಿಡೀ ಡ್ರಮ್ಮುಗಳನ್ನು ಬಡಿದು ದೂಳು ಕೊಡವುವ ಗ್ಯಾರೇಜಿನ ಹುಡುಗನಿಗೂ ಈ ಮಾತು ಹೇಳಿ. ನಮ್ಮ ಕಾರು ವರ್ಷಕ್ಕೊಮ್ಮೆ ಬಿಚ್ಚುವುದು, ಅವನು ದಿನಕ್ಕೆ ನಾಲ್ಕಾರು ಬಿಚ್ಚುತ್ತಾನೆ.

ಹಿಂದಿನ ಡ್ರಮ್ಮುಗಳ ಶೂ ಬದಲಿಸುವುದನ್ನು ನಾನು ಮನೆಯ ಪಟ್ಟಿಗೆ ಸೇರಿಸುವುದಿಲ್ಲ. ಎಣ್ಣೆ ಬಿಚ್ಚಬೇಕಾಗಿಲ್ಲ ನಿಜ; ಆದರೆ ಬಿಗಿ ಸ್ಪ್ರಿಂಗುಗಳು, ಎಡಕ್ಕೂ ಬಲಕ್ಕೂ ಬೇರೆಯಾದ ಅಡ್ಜಸ್ಟರುಗಳು, ಶೂ ತೆಗೆದೊಡನೆ ಹೊರಜಾರಲು ಕಾದಿರುವ ಸಿಲಿಂಡರ್ ಪಿಸ್ಟನ್ನುಗಳು ಎಲ್ಲ ಒಂದೇ ಕಡೆ ಇವೆ.

ಹಣದ ಮಾತು. ಅಮೆರಿಕ, ಯೂರೋಪುಗಳಲ್ಲಿ ಜನ ಬ್ರೇಕ್ ಕೆಲಸವನ್ನು ಮನೆಯಲ್ಲಿ ಮಾಡಿಕೊಳ್ಳುವುದು ಅಲ್ಲಿ ಕೂಲಿ ದುಬಾರಿಯಾದ್ದರಿಂದ. ನಮ್ಮ ಊರುಗಳಲ್ಲಿ ಸಾಮಾನಿನ ಬೆಲೆಯೇ ಹೆಚ್ಚು, ಕೂಲಿ ಅದರಲ್ಲಿ ಸಣ್ಣ ಪಾಲು. ಒಂದು ಒಳ್ಳೆಯ ಟಾರ್ಕ್ ಸ್ಪ್ಯಾನರ್, ಎರಡು ಸ್ಟ್ಯಾಂಡ್ ಕೊಂಡರೆ ಹಲವು ವರ್ಷಗಳ ಕೂಲಿ ಅಲ್ಲಿಗೇ ಹೋಯಿತು. ಉಳಿತಾಯಕ್ಕೆಂದು ಈ ಕೆಲಸಕ್ಕೆ ಇಳಿಯಬೇಡಿ. ನೀವೇ ನಿಂತು ಪ್ಯಾಡ್ ಆರಿಸಬಹುದು, ಗ್ರೀಸ್ ಯಾವುದೆಂದು ತಿಳಿಯಬಹುದು, ಡಿಸ್ಕಿನ ಅಂಚಿನಲ್ಲಿ ಅಚ್ಚಾಗಿರುವ ಕನಿಷ್ಠ ದಪ್ಪವನ್ನು ಅಳೆದು ನೋಡಬಹುದು. ಕೈಯಾರೆ ಮಾಡುವುದರ ಲಾಭ ಅದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲಿನಿಂದ ಪ್ಯಾಡ್ ತರುವವರು ಪೊಟ್ಟಣದ ಬಣ್ಣ ನೋಡಿ ನಂಬದೆ, ಕಂಪನಿಯ ಅಧಿಕೃತ ಮಾರಾಟಗಾರರಿಂದ ಬಿಲ್ ಸಮೇತ ತರಬೇಕು. ನಕಲಿ ಪ್ಯಾಡು ತಣ್ಣಗಿದ್ದಾಗ ಅಸಲಿಯಂತೆಯೇ ಹಿಡಿಯುತ್ತದೆ, ಕಾದ ಮೇಲೆ ಅದರ ಘರ್ಷಣೆ ಕುಸಿಯುತ್ತದೆ.

ಗಣಿಯ ಕಾರ್ಯಾಗಾರಗಳು, 1964ರಲ್ಲಿ ಹುಟ್ಟಿದ ಬೆಮೆಲ್ ಕಂಪನಿ — ಇವುಗಳಲ್ಲಿ ಕೈ ಪಳಗಿಸಿಕೊಂಡ ಫಿಟ್ಟರ್, ಟರ್ನರ್, ವೆಲ್ಡರುಗಳ ಊರಿದು. ಇಲ್ಲಿ ಒಳ್ಳೆಯ ಕೈಗಳಿಗೆ ಕೊರತೆಯಿಲ್ಲ. ಎಣ್ಣೆ ಬದಲಿಸಲು ಕಾರು ಕೊಟ್ಟಾಗ ಪಕ್ಕದಲ್ಲಿ ನಿಂತು ನೋಡಿ. ಎಣ್ಣೆ ಹೊಸ ಡಬ್ಬಿಯಿಂದ ಬರುತ್ತಿದೆಯೇ, ತಿಂಗಳುಗಟ್ಟಲೆ ಮುಚ್ಚಳ ತೆರೆದಿಟ್ಟು ತೇವ ಕುಡಿದ ಡಬ್ಬಿಯಿಂದಲೇ? ಪೈಪಿನಲ್ಲಿ ಕಂದು ಬಣ್ಣ ಹೋಗಿ ತಿಳಿ ಎಣ್ಣೆ ಬರುವವರೆಗೂ ಬಿಡುತ್ತಿದ್ದಾರೆಯೇ? ಗಣಿಯ ವೈಂಡಿಂಗ್ ಯಂತ್ರವನ್ನು ಅರ್ಹ ವ್ಯಕ್ತಿ ದಿನವೂ ಪರೀಕ್ಷಿಸಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕೆಂಬ ನಿಯಮವಿತ್ತು. ಕಾರಿಗೂ ಒಂದು ಪುಸ್ತಕ ಇಡಿ: ಎಣ್ಣೆ ಬದಲಿಸಿದ ದಿನ, ಪ್ಯಾಡಿನ ದಪ್ಪ, ಯಾರ ಕೈಯ ಕೆಲಸ.

ಪ್ಯಾಡ್ ಹಾಕಿ ಮುಗಿದ ಕೂಡಲೇ ಕಾರು ಹೊರಡಿಸಬೇಡಿ. ಒಳಗೆ ಒತ್ತಿದ ಪಿಸ್ಟನ್ನುಗಳು ಇನ್ನೂ ಡಿಸ್ಕಿನಿಂದ ದೂರದಲ್ಲಿರುತ್ತವೆ. ಮೊದಲ ಒಂದೆರಡು ತುಳಿತಕ್ಕೆ ಪೆಡಲ್ ನೆಲ ಮುಟ್ಟುತ್ತದೆ. ನಿಂತಲ್ಲೇ ಮೆಲ್ಲಗೆ ಹತ್ತಾರು ಸಲ ತುಳಿದು ಗಟ್ಟಿಯಾಗುವುದನ್ನು ನೋಡಿ, ಪೆಡಲನ್ನು ಒತ್ತಿಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿ. ಬೂಸ್ಟರ್ ಕೆಲಸ ಮಾಡುತ್ತಿದ್ದರೆ ಪಾದದ ಕೆಳಗೆ ಪೆಡಲ್ ಸ್ವಲ್ಪ ಇಳಿದು ನಿಲ್ಲುತ್ತದೆ. ನಿಲ್ಲದೆ ನಿಧಾನವಾಗಿ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆ ಇದೆ, ಕಾರು ಎತ್ತಬೇಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಗಟ್ಟಿಯಾಗಿ ನಿಂತರೆ ಜನವಿಲ್ಲದ ಅಗಲ ರಸ್ತೆಗೆ ಹೋಗಿ, 60ರ ವೇಗದಿಂದ 10ಕ್ಕೆ ಇಳಿಸುತ್ತ, ನಡುವೆ ಆರಲು ಬಿಡುತ್ತ ಎಂಟು ಹತ್ತು ಸಲ ಬ್ರೇಕ್ ಹಾಕಿ. ಪ್ಯಾಡಿನ ವಸ್ತು ತೆಳು ಪದರವಾಗಿ ಡಿಸ್ಕಿಗೆ ಹತ್ತಿಕೊಳ್ಳುವುದು ಆಗಲೇ, ಪೂರ್ತಿ ಹಿಡಿತ ಬರುವುದು ಆ ಪದರ ಕೂತ ಮೇಲೆಯೇ. ಬಿಸಿ ಇರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಹಿಡಿದರೆ ಒಂದೇ ಜಾಗದಲ್ಲಿ ಪದರ ದಪ್ಪವಾಗಿ ಅಂಟಿ ಮುಂದೆ ಸ್ಟೀರಿಂಗ್ ನಡುಗುತ್ತದೆ. ಮಾರನೆಯ ದಿನ ಡಬ್ಬಿಯ ಮಟ್ಟ ನೋಡಿ, ಚಕ್ರಗಳ ಒಳಮೈಗೆ ಕೈ ಹಾಕಿ ಒದ್ದೆ ಇಲ್ಲವೆಂದು ಖಚಿತ ಮಾಡಿಕೊಂಡು, ಚಕ್ರದ ನಟ್ಟುಗಳನ್ನು ಕಾರಿನ ಪುಸ್ತಕ ಹೇಳಿದ ಬಿಗಿತಕ್ಕೆ ಇನ್ನೊಮ್ಮೆ ಪರೀಕ್ಷಿಸಿ.